ಮೇಷ್ಟ್ರಿಗೂ ಒಂದು ಶಾಲೆ: ಸಂತ ಲಾ ಸಾಲ್ ಅವರ ಹಬ್ಬದ ಚಿಂತನೆ



ಪ್ರತಿ ವರ್ಷ ಏಪ್ರಿಲ್ 7ರಂದು ಧರ್ಮಸಭೆಯು ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಅವರನ್ನು ಸ್ಮರಿಸುತ್ತದೆ. ತಪಸ್ಸುಕಾಲ ಮತ್ತು ಪಾಸ್ಖ ಹಬ್ಬದ ಗಡಿಬಿಡಿಯಲ್ಲಿ ಈ ದಿನ ನಮ್ಮ ಗಮನಕ್ಕೆ ಬಾರದೆ ಹೋಗುವುದೇ ಹೆಚ್ಚು. ಆದರೆ ನಮ್ಮ ಮನೆಗಳಲ್ಲಿ ಮಕ್ಕಳನ್ನು ಮುಂದಿನ ವರ್ಷ ಯಾವ ಶಾಲೆಗೆ ಸೇರಿಸಬೇಕೆಂಬ ಚರ್ಚೆ ನಡೆಯುವುದೂ ಇದೇ ದಿನಗಳಲ್ಲಿ. ಕಟ್ಟಡ ಹೇಗಿದೆ, ಬಸ್ಸು ಬರುತ್ತದೆಯೇ, ಫೀಸು ಎಷ್ಟು ಎಂದು ವಿಚಾರಿಸುತ್ತೇವೆ. ಅಲ್ಲಿ ಕಲಿಸುವವರು ಯಾರು, ಅವರಿಗೆ ಕಲಿಸಲು ಕಲಿಸಿದವರು ಯಾರು ಎಂದು ಕೇಳುವವರು ಕಡಿಮೆ. ಈ ಕೊನೆಯ ಪ್ರಶ್ನೆಗೆ ತಮ್ಮ ಬದುಕನ್ನೇ ಉತ್ತರವಾಗಿ ಕೊಟ್ಟವರು ಸಂತ ಲಾ ಸಾಲ್.

ಸಿರಿವಂತ ಗುರು, ಬಡ ಮೇಷ್ಟ್ರುಗಳು

ಲಾ ಸಾಲ್ ಹುಟ್ಟಿದ್ದು 1651ರ ಏಪ್ರಿಲ್ 30ರಂದು, ಫ್ರಾನ್ಸ್ ದೇಶದ ರೀಮ್ಸ್ ನಗರದಲ್ಲಿ. ತಂದೆ ನ್ಯಾಯಾಧೀಶರು. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಹದಿನಾರನೆಯ ವಯಸ್ಸಿಗೇ ಅವರು ಪ್ರಧಾನಾಲಯದ ಕ್ಯಾನನ್ ಆದರು. ಅದು ಗೌರವದ ಜೊತೆಗೆ ಆದಾಯವನ್ನೂ ತರುವ ಪದವಿ. 1678ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ಬಡಮಕ್ಕಳಿಗಾಗಿ ಶಾಲೆ ತೆರೆಯಲು ಬಂದ ಆದ್ರಿಯಾನ್ ನೀಯೆಲ್ ಎಂಬುವರಿಗೆ ನೆರವಾದರು. ಶಾಲೆಗಳು ಆರಂಭವಾದವು. ಆದರೆ ಸಿಕ್ಕ ಮೇಷ್ಟ್ರುಗಳು ಒರಟರು, ತರಬೇತಿಯಿಲ್ಲದವರು. ಮೊದಮೊದಲು ಅವರನ್ನು ತಮ್ಮ ಮನೆಯ ಆಳಿಗಿಂತಲೂ ಕೀಳಾಗಿ ಎಣಿಸಿದ್ದಾಗಿ ಲಾ ಸಾಲ್ ಅವರೇ ಮುಂದೆ ಬರೆದುಕೊಂಡಿದ್ದಾರೆ. ಅಂಥವರನ್ನೇ ಅವರು ತಮ್ಮ ಊಟದ ಮೇಜಿಗೆ ಕರೆದರು. 1681ರಲ್ಲಿ ಅವರಿಗೆ ತಮ್ಮ ಮನೆಯಲ್ಲೇ ವಾಸಕ್ಕೆ ಸ್ಥಳ ಕೊಟ್ಟರು. ಬಂಧುಗಳು ಸಿಡಿಮಿಡಿಗೊಂಡರು.

ಪರೀಕ್ಷೆ ಬಂದದ್ದು ಮೇಷ್ಟ್ರುಗಳ ಬಾಯಿಂದಲೇ. ದೇವರನ್ನು ನಂಬಿ, ನಾಳೆಯ ಚಿಂತೆ ಬಿಡಿ ಎಂದು ಲಾ ಸಾಲ್ ಅವರಿಗೆ ಬೋಧಿಸಿದಾಗ, ಶಾಲೆ ಮುಚ್ಚಿದರೆ ನಿಮಗೆ ಆಸ್ತಿಯಿದೆ, ಪದವಿಯಿದೆ, ನಮಗೆ ಬೀದಿಯೇ ಗತಿ ಎಂದು ಅವರು ನೇರವಾಗಿ ಹೇಳಿಬಿಟ್ಟರು. ಆ ಮಾತು ನಾಟಿತು. 1683ರಲ್ಲಿ ಲಾ ಸಾಲ್ ಕ್ಯಾನನ್ ಪದವಿಯನ್ನು ಬಿಟ್ಟುಕೊಟ್ಟರು. ಮುಂದೆ ಬರಗಾಲ ಬಂದಾಗ ತಮ್ಮ ಸಂಪತ್ತನ್ನು ಹಸಿದವರಿಗೆ ರೊಟ್ಟಿಯಾಗಿ ಹಂಚಿದರು. ಬರವೆಂದರೇನೆಂದು ನಮ್ಮ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯವರಿಗೆ ಯಾರೂ ವಿವರಿಸಬೇಕಾಗಿಲ್ಲ. ಅಂಥ ದಿನಗಳಲ್ಲಿ ಕೈಯಲ್ಲಿದ್ದುದನ್ನು ಬರಿದು ಮಾಡಿಕೊಳ್ಳುವುದು ಎಷ್ಟು ದೊಡ್ಡ ಮಾತೆಂಬುದನ್ನು ನಾವು ಬಲ್ಲೆವು.

ತರಬೇತಿ ಶಾಲೆಯ ದಿನಚರಿ

ಲಾ ಸಾಲ್ ಅವರ ಸಹೋದರರ ಶಾಲೆಗಳ ಸುದ್ದಿ ಹಳ್ಳಿಗಳಿಗೂ ಹಬ್ಬಿತು. ನಮಗೂ ಒಬ್ಬ ಮೇಷ್ಟ್ರನ್ನು ಕಳುಹಿಸಿ ಎಂದು ಹಳ್ಳಿಯ ವಿಚಾರಣಾ ಗುರುಗಳು ಬೇಡಿಕೊಂಡರು. ಸಹೋದರರು ಒಂಟಿಯಾಗಿ ಎಲ್ಲಿಯೂ ಇರಬಾರದೆಂಬುದು ಲಾ ಸಾಲ್ ಅವರ ನಿಯಮ. ಸಣ್ಣ ಹಳ್ಳಿಗೆ ಇಬ್ಬರನ್ನು ಸಾಕುವ ಶಕ್ತಿಯಿಲ್ಲ. ಆಗ ಅವರು ಹೂಡಿದ ಉಪಾಯ ಸರಳವಾದದ್ದು: ನಿಮ್ಮ ಹಳ್ಳಿಯ ಒಬ್ಬ ಯೋಗ್ಯ ಯುವಕನನ್ನು ನಮ್ಮಲ್ಲಿಗೆ ಕಳುಹಿಸಿ, ಅವನನ್ನು ಮೇಷ್ಟ್ರಾಗಿ ಮಾಡಿ ನಿಮಗೇ ಹಿಂದಿರುಗಿಸುತ್ತೇವೆ. ಹೀಗೆ 1685ರ ಸುಮಾರಿಗೆ ರೀಮ್ಸ್‌ನಲ್ಲಿ ಹಳ್ಳಿ ಮೇಷ್ಟ್ರುಗಳ ತರಬೇತಿ ಶಾಲೆ ಹುಟ್ಟಿತು. ಯುರೋಪಿನ ಮೊಟ್ಟಮೊದಲ ಶಿಕ್ಷಕ ತರಬೇತಿ ಶಾಲೆಗಳಲ್ಲಿ ಇದೂ ಒಂದು.

ಈ ವಿದ್ಯಾರ್ಥಿಗಳು ವ್ರತ ತೊಟ್ಟ ಸನ್ಯಾಸಿಗಳಲ್ಲ, ಸಾಮಾನ್ಯ ಯುವಕರು. ಆದರೆ ಎಲ್ಲರೂ ಒಂದೇ ಮನೆಯಲ್ಲಿ ವಾಸಿಸಿ, ಸಹೋದರರಂತೆಯೇ ಪ್ರಾರ್ಥನೆ, ಊಟ, ಅಧ್ಯಯನಗಳ ಕ್ರಮವನ್ನು ಪಾಲಿಸಬೇಕಿತ್ತು. ಅವರ ಪಾಠಗಳು ಓದು, ಅಂದವಾದ ಕೈಬರಹ, ಲೆಕ್ಕ, ಧರ್ಮೋಪದೇಶ ಮತ್ತು ದೇವಾಲಯದ ಗಾಯನ. ಆಗಿನ ಹಳ್ಳಿ ಮೇಷ್ಟ್ರು ಪೂಜೆಯಲ್ಲಿ ಹಾಡುವ, ಗುರುಗಳಿಗೆ ನೆರವಾಗುವ ಕೆಲಸವನ್ನೂ ಮಾಡುತ್ತಿದ್ದುದರಿಂದ ಗಾಯನವೂ ಪಠ್ಯದಲ್ಲಿತ್ತು. 1699ರಲ್ಲಿ ಪ್ಯಾರಿಸ್‌ನಲ್ಲಿ ತೆರೆದ ಇಂಥದೇ ಶಾಲೆಗೆ ಬಡಮಕ್ಕಳ ಶಾಲೆಯೊಂದನ್ನು ಹೊಂದಿಸಿದ್ದರು. ಯುವಕರು ಕಲಿತದ್ದನ್ನು ಅಲ್ಲಿಯೇ ಮಕ್ಕಳ ಮುಂದೆ ನಿಂತು ಅಭ್ಯಾಸ ಮಾಡುತ್ತಿದ್ದರು.

ಅವರು ಕಲಿತ ಹೊಸ ಕ್ರಮಗಳು ಎರಡು. ಅದುವರೆಗೆ ಮೇಷ್ಟ್ರು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆದು ಪಾಠ ಹೇಳುತ್ತಿದ್ದರು, ಉಳಿದವರು ಸುಮ್ಮನೆ ಕುಳಿತಿರುತ್ತಿದ್ದರು. ಇಲ್ಲಿ ಒಂದೇ ಮಟ್ಟದ ಮಕ್ಕಳಿಗೆಲ್ಲ ಒಟ್ಟಿಗೆ ಪಾಠ. ಎರಡನೆಯದಾಗಿ, ಲತೀನ್ ಓದಿನಿಂದ ಆರಂಭಿಸುವ ರೂಢಿಯನ್ನು ಬಿಟ್ಟು ಮಾತೃಭಾಷೆಯಾದ ಫ್ರೆಂಚಿನಿಂದಲೇ ಆರಂಭ. ಕೂಲಿಕಾರರ ಮಗು ಶಾಲೆಯಲ್ಲಿರುವುದು ಕೆಲವೇ ವರ್ಷ, ಅಷ್ಟರಲ್ಲಿ ಅದಕ್ಕೆ ಉಪಯೋಗಕ್ಕೆ ಬರುವ ಓದು ಬೇಕು ಎಂಬುದು ಲಾ ಸಾಲ್ ಅವರ ವಿಚಾರ.

ಹೊಸ ಮೇಷ್ಟ್ರುಗಳು ಮೊದಲು ಬಿಡಬೇಕಾದ ದೋಷಗಳಲ್ಲಿ ಅತಿಯಾದ ಮಾತು, ಸಿಡುಕು, ಪಕ್ಷಪಾತಗಳೂ ಸೇರಿದ್ದವು. ಬೆಳೆಸಿಕೊಳ್ಳಬೇಕಾದ ಸದ್ಗುಣಗಳು ಹನ್ನೆರಡು. ಗಾಂಭೀರ್ಯ, ಮೌನ, ವಿನಯ, ತಾಳ್ಮೆ, ಮೃದುತ್ವ, ಎಚ್ಚರ, ಭಕ್ತಿ, ಔದಾರ್ಯ ಇವು ಅವುಗಳಲ್ಲಿ ಕೆಲವು. ಆ ಕಾಲದ ರೂಢಿಯಂತೆ ಶಿಕ್ಷೆಯನ್ನು ಅವರು ಪೂರ್ತಿ ಕೈಬಿಡಲಿಲ್ಲ. ಆದರೆ ಕೋಪದ ಭರದಲ್ಲಿ ಶಿಕ್ಷಿಸಬಾರದೆಂದು ಕಟ್ಟುನಿಟ್ಟು ಮಾಡಿದರು.

ರೀಮ್ಸ್‌ನ ಶಾಲೆಯಾಗಲಿ ಪ್ಯಾರಿಸ್‌ನ ಶಾಲೆಯಾಗಲಿ ಬಹುಕಾಲ ಬಾಳಲಿಲ್ಲ. ಪ್ಯಾರಿಸ್‌ನದು ಹಣದ ವ್ಯಾಜ್ಯದಿಂದ ಕೆಲವೇ ವರ್ಷಗಳಲ್ಲಿ ಮುಚ್ಚಿತು. 1719ರ ಏಪ್ರಿಲ್ 7ರ ಶುಭ ಶುಕ್ರವಾರ ಲಾ ಸಾಲ್ ಕಣ್ಮುಚ್ಚಿದರು. ಆದರೆ ಬಿತ್ತಿದ ಬೀಜ ಸಾಯಲಿಲ್ಲ. 1900ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. 1950ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸ್ ಅವರು ಲಾ ಸಾಲ್ ಅವರನ್ನು ಸಮಸ್ತ ಶಿಕ್ಷಕರ ಪಾಲಕ ಸಂತರನ್ನಾಗಿ ಘೋಷಿಸಿದರು.

ನಮ್ಮ ನಾಡಿನ 'ನಾರ್ಮಲ್ ಸ್ಕೂಲು'

ನಮ್ಮ ಸೀಮೆಯಲ್ಲೂ ಇಂಥದೇ ಅಗತ್ಯ ಕಂಡದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದುವರೆಗೆ ಊರಿನ ವಿದ್ಯೆಗೆ ಕೂಲಿಮಠವೇ ಆಸರೆ. ಮಕ್ಕಳು ಮರಳಿನ ಮೇಲೆ ಅಕ್ಷರ ತಿದ್ದಿ, ಕಪ್ಪು ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಬರೆದು, ಮಗ್ಗಿಯನ್ನು ರಾಗವಾಗಿ ಒಪ್ಪಿಸುತ್ತಿದ್ದರು. ಆ ಅಯ್ಯಗಳ ಶ್ರಮ ದೊಡ್ಡದು. ಆದರೆ ಕಲಿಸುವ ಬಗೆಯನ್ನು ಅವರಿಗೆ ಹೇಳಿಕೊಡುವ ಶಾಲೆ ಇರಲಿಲ್ಲ. 1868ರಲ್ಲಿ ಮೈಸೂರು ಸಂಸ್ಥಾನದ ವಿದ್ಯಾ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ. ಎಲ್. ರೈಸ್ ಅವರು ಹೋಬಳಿಗೊಂದು ಶಾಲೆಯ ಯೋಜನೆ ತಂದರು. ಅದಕ್ಕಾಗಿ ಊರ ಮೇಷ್ಟ್ರುಗಳನ್ನು ನಾರ್ಮಲ್ ಸ್ಕೂಲುಗಳಲ್ಲಿ ತರಬೇತಿಗೊಳಿಸುವ ಏರ್ಪಾಡಾಯಿತು. ಚಿತ್ರದುರ್ಗವೂ ಆ ಸಂಸ್ಥಾನಕ್ಕೇ ಸೇರಿತ್ತು. ಊರಿನವನನ್ನೇ ತಿದ್ದಿ ಊರಿಗೇ ಕಳುಹಿಸುವ ಈ ಕ್ರಮದಲ್ಲಿ ಲಾ ಸಾಲ್ ಅವರ ಉಪಾಯವೇ ಕಾಣುತ್ತದಲ್ಲವೇ?

'ನಾರ್ಮಲ್ ಸ್ಕೂಲು' ಎಂಬ ಹೆಸರು ಬಂದದ್ದೂ ಫ್ರೆಂಚಿನಿಂದಲೇ. ಅದರ ಬೇರು ಲತೀನಿನ 'ನೋರ್ಮಾ', ಅಂದರೆ ಬಡಗಿಯ ಮೂಲೆಮಟ್ಟ. ಮೂಲೆಮಟ್ಟವೇ ವಕ್ರವಾಗಿದ್ದರೆ ಬಾಗಿಲ ಚೌಕಟ್ಟು ನೆಟ್ಟಗಾದೀತೇ? ನಜರೇತಿನ ಬಡಗಿ ಸಂತ ಜೋಸೆಫರ ಮನೆಯಲ್ಲಿ ಬೆಳೆದ ಯೇಸುಸ್ವಾಮಿಯ ಭಕ್ತರಿಗೆ ಈ ಮಾತು ಬೇಗ ತಿಳಿಯುತ್ತದೆ.

ಇದೇ ರೈಸ್ ಅವರು 1892ರಲ್ಲಿ ನಮ್ಮ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬೆಳಕಿಗೆ ತಂದರು. ತಂದೆತಾಯಿಯ ಮಾತು ಕೇಳಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬ ಬುದ್ಧಿಮಾತು ಆ ಬಂಡೆಯಲ್ಲಿದೆ. ಎರಡು ಸಾವಿರ ವರ್ಷಕ್ಕೂ ಹಿಂದೆಯೇ ನಮ್ಮ ಮಣ್ಣು ಕೇಳಿದ ಮಾತಿದು.

ಇಂದು ನಮ್ಮ ಮುಂದಿರುವ ಪ್ರಶ್ನೆ

ಹಿಂದೆ ಟಿ.ಸಿ.ಎಚ್., ಆಮೇಲೆ ಡಿ.ಇಡಿ., ಈಗ ಡಿ.ಎಲ್.ಇಡಿ. ಹೆಸರು ಬದಲಾಗುತ್ತ ಬಂದಿದೆ, ಸೇರುವವರು ಕಡಿಮೆಯಾಗಿ ಎಷ್ಟೋ ತರಬೇತಿ ಕಾಲೇಜುಗಳು ಮುಚ್ಚಿವೆ. ಮಗಳು ಮೇಡಂ ಆಗುತ್ತೇನೆ ಎಂದರೆ, ಬೇರೆ ಏನೂ ಸಿಗಲಿಲ್ಲವೇ ಎಂದು ಕೇಳುವ ಮನೆಗಳು ನಮ್ಮಲ್ಲೂ ಇವೆ. ಭಾನುವಾರದ ಧರ್ಮೋಪದೇಶಕ್ಕೆ ಯುವಕರು ಬೇಕೆಂದು ಕರೆದರೆ ಮುಂದೆ ಬರುವವರು ಬೆರಳೆಣಿಕೆ. ಮಾರಿಕಣಿವೆ ತುಂಬಿದ್ದರೆ ಸಾಲದು, ಕಾಲುವೆ ಇಲ್ಲದೆ ನೀರು ಹೊಲ ಸೇರುವುದಿಲ್ಲ. ಶುಭಸಂದೇಶವಾಗಲಿ ವಿದ್ಯೆಯಾಗಲಿ ಹಳ್ಳಿಯ ಮಗುವನ್ನು ಮುಟ್ಟಲು ಮೇಷ್ಟ್ರೆಂಬ ಕಾಲುವೆ ಬೇಕೇ ಬೇಕು.

ಪ್ರಿಯರೇ, ಯೇಸುಸ್ವಾಮಿ ಹನ್ನೆರಡು ಮಂದಿಯನ್ನು ಆರಿಸಿಕೊಂಡದ್ದು ಮೊದಲು ತಮ್ಮ ಜೊತೆ ಇರಲಿಕ್ಕೆ, ಆಮೇಲೆ ಸಾರಲು ಕಳುಹಿಸಲಿಕ್ಕೆ ಎಂದು ಸಂತ ಮಾರ್ಕರು ತಿಳಿಸುತ್ತಾರೆ. ಜೊತೆಯಲ್ಲಿದ್ದು ಕಲಿಯುವುದು, ಕಲಿತು ಹೊರಡುವುದು: ರೀಮ್ಸ್‌ನ ಆ ಮನೆಯಲ್ಲಿ ನಡೆದದ್ದೂ ಇದೇ. ನಮ್ಮ ಪ್ರತಿಯೊಂದು ಕುಟುಂಬವೂ ಅಂಥ ಮನೆಯಾಗಬಲ್ಲದು. ಈ ಹಬ್ಬದಂದು ನಿಮಗೆ ಅಕ್ಷರ ಕಲಿಸಿದ ಒಬ್ಬ ಮೇಷ್ಟ್ರನ್ನು, ಅವರು ಯಾವ ಮತದವರೇ ಆಗಿರಲಿ, ಮನೆಗೆ ಹೋಗಿ ಕಂಡು ಬನ್ನಿ. ತೀರಿಕೊಂಡಿದ್ದರೆ ಅವರಿಗಾಗಿ ಪ್ರಾರ್ಥಿಸಿ. ಕಲಿಸುವ ಆಸೆಯಿರುವ ಮಗ ಅಥವಾ ಮಗಳು ಮನೆಯಲ್ಲಿದ್ದರೆ ಆ ಆಸೆಯನ್ನು ಚಿವುಟಬೇಡಿ.

ಸಂತ ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್ ಅವರೇ, ನಮ್ಮ ಶಿಕ್ಷಕರಿಗಾಗಿಯೂ ನಮ್ಮ ಮಕ್ಕಳಿಗಾಗಿಯೂ ಪ್ರಾರ್ಥಿಸಿರಿ. ಆಮೆನ್.