ಒಂದು ಮನೆತನ, ನಾಲ್ಕು ಊರಿನ ಗೋರಿಗಳು

ಟಿಪ್ಪು ಸುಲ್ತಾನ್ ಹುಟ್ಟಿದ ಜಾಗ ನಮ್ಮ ಜಿಲ್ಲೆಯ ಮಕ್ಕಳಿಗೆಲ್ಲ ಗೊತ್ತು. ದೇವನಹಳ್ಳಿ ಕೋಟೆಯ ಹತ್ತಿರ ಕಲ್ಲುಕಂಬಗಳ ಒಂದು ಚಿಕ್ಕ ಆವರಣ, ಅದರಲ್ಲೊಂದು ಶಾಸನದ ಕಲ್ಲು. ನಮ್ಮ ಕಾಲದಲ್ಲೂ ಸಮಾಜ ವಿಜ್ಞಾನದ ಮೇಷ್ಟ್ರು ಸಾಲಾಗಿ ಕರೆದುಕೊಂಡು ಹೋಗಿ ತೋರಿಸುತ್ತಿದ್ದರು. ಆದರೆ ಆ ಮನೆತನದವರು ಎಲ್ಲೆಲ್ಲಿ ಮಣ್ಣಾದರು ಎಂಬುದನ್ನು ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ಸುವರ್ಣ ಮಹೋತ್ಸವದ ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದಾಗ ನನಗೆ ಹೊಳೆದದ್ದು ಇದೇ ವಿಷಯ. ನಾನು ಇತಿಹಾಸಕಾರನಲ್ಲ, ಬಿ.ಇ. ಓದಿ ಕಂಪ್ಯೂಟರ್ ಮುಂದೆ ಕೂತು ದುಡಿಯುವವನು. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳಕ್ಕೆ ಈ ಲೇಖನದಲ್ಲಿ ಕೈ ಹಾಕುವುದಿಲ್ಲ. ಅದಕ್ಕೆ ಬೇರೆ ಜಾಗಗಳು ಬೇಕಾದಷ್ಟಿವೆ.

ಮೊದಲ ಗೋರಿ ಕೋಲಾರದ್ದು. ಹೈದರ್ ಅಲಿಯ ತಂದೆ ಫತೇ ಮಹಮ್ಮದ್ ಸಿರಾ ಸುಬೇದಾರನ ಕೈಕೆಳಗೆ ಕೋಲಾರದ ಫೌಜುದಾರನಾಗಿದ್ದ. ಹೈದರ್ ಹುಟ್ಟಿದ್ದು ಅಲ್ಲೇ ಹತ್ತಿರದ ಬೂದಿಕೋಟೆಯಲ್ಲಿ. ಸಿರಾದ ಅಧಿಕಾರಕ್ಕಾಗಿ ನಡೆದ ಕಾದಾಟದಲ್ಲಿ ಫತೇ ಮಹಮ್ಮದ್ ಸತ್ತ. ಕೋಲಾರದಲ್ಲಿ ಅವನನ್ನು ಹೂಳಿದ ಜಾಗವೇ ಇವತ್ತಿನ ಮಕ್ಬರಾ.

ಇಲ್ಲಿ ನಮ್ಮ ದೊಡ್ಡಬಳ್ಳಾಪುರ ಬರುತ್ತದೆ, ಅದೂ ಅಷ್ಟೇನೂ ಹೆಮ್ಮೆಪಡುವ ರೀತಿಯಲ್ಲಲ್ಲ. ಫತೇ ಮಹಮ್ಮದನ ಹೆಂಡತಿ ಮಕ್ಕಳು ಆಗ ದೊಡ್ಡಬಳ್ಳಾಪುರದಲ್ಲಿದ್ದರು. ಊರಿನ ಜಹಗೀರುದಾರ ಅಬ್ಬಾಸ್ ಕುಲಿ ಖಾನ್, ಸತ್ತವನಿಂದ ಹಣ ಬರಬೇಕೆಂದು ಹೇಳಿ ಮನೆಯಲ್ಲಿದ್ದದ್ದನ್ನೆಲ್ಲ ಕಿತ್ತುಕೊಂಡ. ಸಾಲದ್ದಕ್ಕೆ ಶಹಬಾಜ್ ಮತ್ತು ಹೈದರ್ ಎಂಬ ಎರಡು ಸಣ್ಣ ಹುಡುಗರನ್ನು ನಗಾರಿಯೊಳಗೆ ಕೂರಿಸಿ, ಮೇಲೆ ಚರ್ಮ ಬಿಗಿದು ಬಾರಿಸಿದರಂತೆ. ಮೈಸೂರಿನ ಇತಿಹಾಸ ಬರೆದ ಇಂಗ್ಲಿಷ್ ಅಧಿಕಾರಿ ಮಾರ್ಕ್ ವಿಲ್ಕ್ಸ್ ಈ ಕಥೆಯನ್ನು ದಾಖಲಿಸಿದ್ದಾನೆ. 1761ರಲ್ಲಿ ಹೈದರ್ ಸೈನ್ಯದೊಂದಿಗೆ ದೊಡ್ಡಬಳ್ಳಾಪುರಕ್ಕೆ ಬಂದಾಗ ಅಬ್ಬಾಸ್ ಕುಲಿ ಖಾನ್ ಮನೆಯವರನ್ನು ಬಿಟ್ಟು ಮದ್ರಾಸಿನ ಕಡೆಗೆ ಓಡಿದ. ಹೈದರ್ ಆ ಮನೆಯವರಿಗೆ ಕೇಡು ಮಾಡಲಿಲ್ಲ, ಚೆನ್ನಾಗಿಯೇ ನೋಡಿಕೊಂಡ. 1769ರಲ್ಲಿ ಅದೇ ಹೈದರ್ ಮದ್ರಾಸಿನ ಬಾಗಿಲಿಗೆ ಬಂದು ನಿಂತಾಗ ಖಾನ್ ಸಾಹೇಬರು ಹಳೆಯದೊಂದು ಹಡಗು ಹತ್ತಿ ಕೂತರು ಎಂದೂ ವಿಲ್ಕ್ಸ್ ಬರೆಯುತ್ತಾನೆ. ನಲವತ್ತು ವರ್ಷದ ಹಿಂದಿನ ನಗಾರಿಯ ಸದ್ದು ಅವರ ಕಿವಿಯಲ್ಲಿ ಇನ್ನೂ ಇತ್ತೆಂದು ಕಾಣುತ್ತದೆ.

ಹೈದರನ ಹೆಸರು ಮೊದಲು ಕೇಳಿಬಂದದ್ದು ನಮ್ಮ ದೇವನಹಳ್ಳಿಯಲ್ಲಿ. ಆವತಿ ವಂಶದವರ ಈ ಕೋಟೆಯನ್ನು 1749ರಲ್ಲಿ ಮೈಸೂರಿನ ಸೈನ್ಯ ಮುತ್ತಿದಾಗ ಅವನ ಧೈರ್ಯ ನೋಡಿ ದಳವಾಯಿ ನಂಜರಾಜಯ್ಯ 50 ಕುದುರೆ ಸವಾರರು, 200 ಕಾಲಾಳುಗಳ ಮುಖಂಡತ್ವ ಕೊಟ್ಟ. ಮರುವರ್ಷ, 1750ರ ನವೆಂಬರಿನಲ್ಲಿ, ಟಿಪ್ಪು ಇಲ್ಲಿ ಹುಟ್ಟಿದ. ಅಷ್ಟು ಬಿಟ್ಟರೆ ಈ ಮನೆಯ ದೊಡ್ಡ ಗೋರಿ ಯಾವುದೂ ನಮ್ಮಲ್ಲಿಲ್ಲ.

ಹೈದರ್ ಸತ್ತದ್ದು 1782ರ ಡಿಸೆಂಬರ್ 7ರಂದು, ಚಿತ್ತೂರಿನ ಹತ್ತಿರದ ದಂಡಿನ ಬಿಡಾರದಲ್ಲಿ. ಟಿಪ್ಪು ಆಗ ದೂರದ ಮಲಬಾರಿನಲ್ಲಿ ಯುದ್ಧದಲ್ಲಿದ್ದ. ಸುದ್ದಿ ಹೊರಗೆ ಬಿದ್ದರೆ ಸೈನ್ಯ ಚದುರೀತೆಂದು ಪೂರ್ಣಯ್ಯ ಮತ್ತಿತರರು ಸಾವನ್ನೇ ಮುಚ್ಚಿಟ್ಟರು. ದೇಹವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆ ಸಾಗಿಸುವ ಹಾಗೆ ಕಾವಲು ಕೊಟ್ಟು ಕೋಲಾರಕ್ಕೆ ಕಳಿಸಿದರು. ಹೀಗೆ ದೊಡ್ಡ ರಾಜ್ಯ ಆಳಿದ ಮಗ ಅಪ್ಪನ ಪಕ್ಕದಲ್ಲಿ ಗುಟ್ಟಾಗಿ ಮಣ್ಣಾದ. ಆಮೇಲೆ ಟಿಪ್ಪು ಅಲ್ಲಿಂದ ತೆಗೆಸಿ ಶ್ರೀರಂಗಪಟ್ಟಣಕ್ಕೆ ತರಿಸಿದ.

ಶ್ರೀರಂಗಪಟ್ಟಣದ ಗುಂಬಜ್ ಅನ್ನು ಶಾಲಾ ಪ್ರವಾಸದಲ್ಲಿ ನೋಡದವರು ಕಡಿಮೆ. ಸುತ್ತ ನುಣುಪಾದ 36 ಕಪ್ಪು ಕಲ್ಲಿನ ಕಂಬಗಳು, ದಂತದ ಕೆತ್ತನೆಯ ಬಾಗಿಲು, ಒಳಗೋಡೆಗೆ ಹುಲಿಪಟ್ಟೆಯ ಬಣ್ಣ. ಒಳಗೆ ಮೂರು ಗೋರಿಗಳು: ನಡುವೆ ಹೈದರ್, ಒಂದು ಕಡೆ ಟಿಪ್ಪುವಿನ ತಾಯಿ ಫಕ್ರುನ್ನೀಸಾ, ಇನ್ನೊಂದು ಕಡೆ ಟಿಪ್ಪು. 1799ರ ಮೇ 4ರಂದು ಕೋಟೆ ಬಿದ್ದಿತು, ಮೇ 5ರ ಸಂಜೆ ಬ್ರಿಟಿಷರೇ ಸೈನಿಕ ಮರ್ಯಾದೆಯೊಂದಿಗೆ ಅವನನ್ನು ಇಲ್ಲಿ ಹೂಳಿಸಿದರು. ಆ ಸಂಜೆ ಬಡಿದ ಸಿಡಿಲಿಗೆ ಕಂಪನಿ ಸೈನ್ಯದ ಇಬ್ಬರು ಅಧಿಕಾರಿಗಳು ಸತ್ತರು.

ಜನ ಒಳಗೆ ಹೋಗಿ, ಮೂರು ಗೋರಿ ನೋಡಿ, ಫೋಟೋ ತೆಗೆದುಕೊಂಡು ಹೊರಟುಬಿಡುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ಹೊರಗಿನ ಜಗಲಿ. ಅಲ್ಲಿ ಟಿಪ್ಪುವಿನ ಅಕ್ಕತಂಗಿಯರು, ಮಗಳು, ಅಳಿಯ, ನೆಂಟರು ಸಾಲಾಗಿ ಮಲಗಿದ್ದಾರೆ. ಅವನಿಗೆ ಹಾಲೂಡಿಸಿದ ಸಾಕುತಾಯಿ ಮದೀನಾ ಬೇಗಂಗೂ ಅಲ್ಲೇ ಜಾಗವಿದೆ. ದೊರೆಗಳ ಸಮಾಧಿ ಎಂಬುದು ಮರೆತು ಒಂದು ಕೂಡು ಕುಟುಂಬದ ನಡುಮನೆ ಕಂಡ ಹಾಗಾಗುತ್ತದೆ.

ಇದನ್ನು ಹೇಳಲು ಕಾರಣವಿದೆ. ನಮ್ಮ ಕಡೆಯ ಒಕ್ಕಲು ಮನೆಗಳಲ್ಲೂ ಸತ್ತವರನ್ನು ಸ್ವಂತ ಹೊಲದ ಅಂಚಿನಲ್ಲಿ ಹೂಳುವ ರೂಢಿ. ಮೂರನೇ ದಿನ ಹಾಲುತುಪ್ಪ, ವರ್ಷಕ್ಕೊಮ್ಮೆ ಎಡೆ. ನಮ್ಮ ಮುತ್ತಾತ, ಮುತ್ತಜ್ಜಿ, ತಾತ, ಚಿಕ್ಕತಾತ ಎಲ್ಲರ ಗುಡ್ಡೆಗಳೂ ಒಂದೇ ಹುಣಸೆಮರದ ಕೆಳಗಿದ್ದವು. ಕಲ್ಲಿನ ಮೇಲೆ ಹೆಸರಿಲ್ಲ, ಯಾವುದು ಯಾರದ್ದೆಂದು ಅಜ್ಜಿ ಬೆರಳು ತೋರಿಸಿ ಹೇಳುತ್ತಿದ್ದಳು. ವಿಮಾನ ನಿಲ್ದಾಣ 2008ರಲ್ಲಿ ಶುರುವಾದ ಮೇಲೆ ಸುತ್ತಲಿನ ಹೊಲಗಳು ಕೈ ಬದಲಾದವು, ರಸ್ತೆಗಳು ಅಗಲವಾದವು. ನಮ್ಮ ಹುಣಸೆಮರವೂ ಹೋಯಿತು. ಪರಿಹಾರದ ಕಾಗದದಲ್ಲಿ ಮರಕ್ಕೆ ಬೆಲೆ ಇತ್ತು, ಬಾವಿಗೆ ಬೆಲೆ ಇತ್ತು, ಗುಡ್ಡೆಗಳಿಗೆ ಕಾಲಂ ಇರಲಿಲ್ಲ. ಅಪ್ಪ ಒಂದು ಹಿಡಿ ಮಣ್ಣು ತಂದು ಹೊಸ ಮನೆಯ ತೆಂಗಿನ ಬುಡಕ್ಕೆ ಹಾಕಿದರು. ಈಗ ಎಡೆ ಇಡುವುದು ಅಲ್ಲಿ. ಇಂಥದ್ದು ಈ ಸಂಚಿಕೆ ಓದುವ ಎಷ್ಟೋ ಮನೆಗಳಲ್ಲಿ ಆಗಿರಬಹುದು.

ಟಿಪ್ಪುವಿನ ಮಕ್ಕಳಿಗೂ ಹಿರಿಯರ ಗೋರಿ ದೂರವಾಯಿತು. ಶ್ರೀರಂಗಪಟ್ಟಣ ಬಿದ್ದ ಮೇಲೆ ಇಡೀ ಕುಟುಂಬವನ್ನು ವೇಲೂರು ಕೋಟೆಗೆ ಸಾಗಿಸಿದರು. ಬಕ್ಷಿ ಬೇಗಂ, ಪಾದಶಾ ಬೇಗಂ ಮೊದಲಾದ ಹೆಂಗಸರ ಗೋರಿಗಳು ಆ ಊರಿನಲ್ಲಿವೆ. 1806ರ ಜುಲೈ 10ರಂದು ಅಲ್ಲಿ ಸಿಪಾಯಿಗಳು ದಂಗೆ ಎದ್ದರು. ಸಂಶಯ ರಾಜಕುಮಾರರ ಮೇಲೆ ಬಂದು, ಅವರನ್ನು ಹಡಗು ಹತ್ತಿಸಿ ಕಲ್ಕತ್ತೆಗೆ ಕಳಿಸಿದರು. 1795ರಲ್ಲಿ ಹುಟ್ಟಿದ ಗುಲಾಂ ಮಹಮ್ಮದ್ ಆಗ ಇನ್ನೂ ಹುಡುಗ. ಅವನು ಕಲ್ಕತ್ತೆಯಲ್ಲೇ ಮುದುಕನಾಗಿ 1872ರಲ್ಲಿ ತೀರಿಕೊಂಡ. ಧರ್ಮತಲಾದಲ್ಲಿ 1842ರಲ್ಲಿ ಅಪ್ಪನ ಹೆಸರಿನ ಮಸೀದಿ ಕಟ್ಟಿಸಿದವನು ಅವನೇ. ಟಿಪ್ಪುವಿನ ಮಕ್ಕಳು ಮೊಮ್ಮಕ್ಕಳು ಕನ್ನಡ ನಾಡಿನಿಂದ ಅಷ್ಟು ದೂರದಲ್ಲಿ, ಟಾಲಿಗಂಜ್ ಕಡೆಯ ಮಣ್ಣಿನಲ್ಲಿದ್ದಾರೆ.

ಇದೇ ವಂಶದ ನೂರ್ ಇನಾಯತ್ ಖಾನ್ ಎಂಬ ಹೆಣ್ಣುಮಗಳು ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಪರವಾಗಿ, ಜರ್ಮನರ ವಶದಲ್ಲಿದ್ದ ಪ್ಯಾರಿಸ್ಸಿನಲ್ಲಿ ಗುಟ್ಟಾಗಿ ವೈರ್‌ಲೆಸ್ ಸಂದೇಶ ಕಳಿಸುತ್ತಿದ್ದಳು. ಟಿಪ್ಪುವನ್ನು ಕೊಂದ ಬ್ರಿಟಿಷರಿಗಾಗಿ ಟಿಪ್ಪುವಿನ ವಂಶದವಳು ಜೀವ ಒತ್ತೆ ಇಟ್ಟಳು, ಇತಿಹಾಸ ಹೀಗೂ ತಿರುಗುತ್ತದೆ. 1944ರ ಸೆಪ್ಟೆಂಬರ್ 13ರಂದು ಡಾಖಾವ್ ಶಿಬಿರದಲ್ಲಿ ನಾಜಿಗಳು ಅವಳನ್ನು ಗುಂಡಿಟ್ಟು ಕೊಂದರು. ಅವಳಿಗೆ ಗೋರಿಯೇ ಇಲ್ಲ. 2012ರಲ್ಲಿ ಲಂಡನ್ನಿನ ಗಾರ್ಡನ್ ಸ್ಕ್ವೇರ್‌ನಲ್ಲಿ ಒಂದು ಪ್ರತಿಮೆ ನಿಲ್ಲಿಸಿದ್ದಾರೆ.

ಶಾಲೆಯ ಈಗಿನ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಪ್ರತಿ ಸಲ ಪ್ರವಾಸದ ಬಸ್ಸು ಶ್ರೀರಂಗಪಟ್ಟಣಕ್ಕೇ ಹೋಗುತ್ತದೆ. ಮುಂದಿನ ಸಲ ಕೋಲಾರದ ಕಡೆ ಹೊರಟರೆ ಮಕ್ಬರಾ ಹತ್ತಿರ ಅರ್ಧ ಗಂಟೆ ನಿಲ್ಲಿಸಿ. ದೇವನಹಳ್ಳಿಯಿಂದ ಅದೇ ಹತ್ತಿರ.