ಕುಮಾರಪರ್ವತದ ಕಾಲುದಾರಿ: ಅಂದು, ಇಂದು



ನಮ್ಮ ಹಾಲಿನ ಸೊಸೈಟಿಯ ಬೆಳ್ಳಿಹಬ್ಬದ ಸಂಚಿಕೆಗೆ ಏನಾದರೂ ಬರೆಯಲೇಬೇಕೆಂದು ಕಾರ್ಯದರ್ಶಿಯವರು ಪಟ್ಟು ಹಿಡಿದರು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ನಾನು ಬರೆದದ್ದು ಹಾಲಿನ ಲೆಕ್ಕ ಮಾತ್ರ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಸಂಘದ ಚರಿತ್ರೆಯನ್ನು ಅಧ್ಯಕ್ಷರು ಬರೆದಿದ್ದಾರೆ. ನಾನು ನಮ್ಮ ಬೆನ್ನ ಹಿಂದಿನ ಗುಡ್ಡೆಯ ದಾರಿಯ ಚರಿತ್ರೆ ಹೇಳುತ್ತೇನೆ. ಹಾಲಿಗೂ ಅದಕ್ಕೂ ಏನು ಸಂಬಂಧ ಎಂದು ಕೇಳಬೇಡಿ, ಸಂಬಂಧ ಉಂಟು.

ನಮ್ಮ ಜಿಲ್ಲೆ 1956ರ ತನಕ ಮದ್ರಾಸಿಗೆ ಸೇರಿತ್ತು. 1882ರ ಮದ್ರಾಸು ಅರಣ್ಯ ಕಾಯಿದೆಯಿಂದ ಮೀಸಲು ಅರಣ್ಯಕ್ಕೆ ಗಡಿ ಬಿತ್ತು. ಆದರೂ ಹಳೇ ವರ್ಗದ ಜಮೀನಿನವರಿಗೆ ಕುಮ್ಕಿ ಎಂಬ ಸವಲತ್ತು ಇತ್ತು. ಜಮೀನಿನ ಅಂಚಿನಿಂದ 100 ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ತರಗೆಲೆ, ಕಟ್ಟಿಗೆ ತರಬಹುದಿತ್ತು. ಹಟ್ಟಿಗೆ ಸೊಪ್ಪು, ಸೊಪ್ಪಿನಿಂದ ಗೊಬ್ಬರ, ಗೊಬ್ಬರದಿಂದ ಅಡಿಕೆ ತೋಟ. ದನಗಳು ಮಾತ್ರ ಕುಮ್ಕಿಯ ಗಡಿ ನೋಡುತ್ತಿರಲಿಲ್ಲ, ಬೆಳಿಗ್ಗೆ ಬಿಟ್ಟರೆ ಗುಡ್ಡೆಗೇ ಹೋಗುತ್ತಿದ್ದವು. ಆ ಕಾಲುದಾರಿಗಳು ಹೆಚ್ಚಿನವು ದನ ತುಳಿದು ಆದವೇ.

ಕುಮಾರಪರ್ವತದ ತುದಿ ಸಮುದ್ರಮಟ್ಟದಿಂದ 1,712 ಮೀಟರ್ ಎತ್ತರ. ನಮ್ಮ ತೋಟಕ್ಕೆ ನೀರು ಕೊಡುವ ಕುಮಾರಧಾರೆ ಹುಟ್ಟುವುದು ಆ ಸಾಲಿನಲ್ಲೇ. ಹತ್ತುವ ದಾರಿ ಕುಕ್ಕೆ ಸುಬ್ರಹ್ಮಣ್ಯದಿಂದ, ತುದಿ ಕೊಡಗಿನಲ್ಲಿ. 1987ರಲ್ಲಿ ಆ ಕಡೆಯ ಸುಮಾರು 102 ಚದರ ಕಿ.ಮೀ. ಕಾಡು ಪುಷ್ಪಗಿರಿ ವನ್ಯಜೀವಿಧಾಮವಾಯಿತು. 2012ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಅದೂ ಒಂದು. 1972ರ ವನ್ಯಜೀವಿ ಕಾಯಿದೆ ಪ್ರಕಾರ ಒಳಗೆ ಹೋಗಲಿಕ್ಕೆ ಪರವಾನಿಗೆ ಬೇಕು, ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಾಕಿದರೆ ಅಪರಾಧ. ಸಾರ್ವಜನಿಕ ರಸ್ತೆಯಲ್ಲಿ ಹಾದುಹೋಗುವವರಿಗೆ, ಸೈಕಲ್ಲಿನವರಾದರೂ ಸರಿ, ಅಡ್ಡಿ ಇಲ್ಲ. ಕುಮಾರಪರ್ವತಕ್ಕೆ ಸೈಕಲ್ಲು ತಂದರೆ ಸೈಕಲ್ಲನ್ನೇ ಹೊರಬೇಕಾದೀತು, ಅದು ಬೇರೆ ಮಾತು!

ನಾನು ಹುಡುಗನಾಗಿದ್ದಾಗ ಚಾರಣಿಗರು ಬರುತ್ತಿದ್ದದ್ದು ಅಪರೂಪ. ಅವರ ಗಂಟು ಹೊತ್ತು ನಾನೂ ನಾಲ್ಕು ಕಾಸು ಸಂಪಾದಿಸಿದ್ದೇನೆ. ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಊಟ, ಮೇಲೆ ಕಲ್ಲುಮಂಟಪದ ಹತ್ತಿರ ಟೆಂಟು. ಒಮ್ಮೆ ಫೆಬ್ರವರಿಯಲ್ಲಿ ಒಂದು ತಂಡದವರು ರಾತ್ರಿ ಚಳಿ ಕಾಯಿಸಿದ ಬೆಂಕಿಯನ್ನು ಸರಿಯಾಗಿ ನಂದಿಸದೆ ಹೊರಟರು. ನನಗೂ ಗೊತ್ತಾಗಲಿಲ್ಲ, ಗಂಟು ಕಟ್ಟುವ ಗಡಿಬಿಡಿ. ಗಾಳಿ ಬಂದದ್ದೇ ಒಣಹುಲ್ಲು ಹಿಡಿಯಿತು. ಹಸಿ ಗೆಲ್ಲು ಮುರಿದು ಬಡಿದೆವು. ಮಧ್ಯಾಹ್ನದ ತನಕ ಬಡಿದೆವು. ಒಂದು ಇಳಿಜಾರು ಪೂರ್ತಿ ಕಪ್ಪಾಯಿತು. ಮನೆಗೆ ಬಂದು ಅಪ್ಪನಿಗೆ ಹೇಳಲಿಕ್ಕೆ ಬಾಯಿ ಬರಲಿಲ್ಲ. ಇವತ್ತು ಮೊದಲ ಸಲ ಬರೆಯುತ್ತಿದ್ದೇನೆ.

ಬೆಂಕಿ ಕಣ್ಣಿಗೆ ಕಾಣುತ್ತದೆ, ಕಾಲಿನ ಹಾನಿ ಕಾಣುವುದಿಲ್ಲ. ಸಾವಿರ ಕಾಲು ತುಳಿದಲ್ಲಿ ಹುಲ್ಲು ಹೋಗುತ್ತದೆ. ಹುಲ್ಲು ಹೋದಲ್ಲಿ ನಮ್ಮ ಮಳೆ ಚರಂಡಿ ತೋಡುತ್ತದೆ. ಜನ ಚರಂಡಿ ಬಿಟ್ಟು ಪಕ್ಕದಲ್ಲಿ ನಡೆಯುತ್ತಾರೆ, ಅಲ್ಲಿ ಇನ್ನೊಂದು ಚರಂಡಿ. ಆ ಮಣ್ಣೆಲ್ಲ ಕೆಳಗೆ ತೋಡಿಗೆ ಬರುತ್ತದೆ.

2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಸಾವಿರಾರು ಜನ ಒಟ್ಟಿಗೆ ಬಂದದ್ದನ್ನು ನೀವೂ ನೋಡಿದ್ದೀರಿ. ಜಾತ್ರೆ ಮಾರಾಯ್ರೆ! ಆಮೇಲೆ ಸರಕಾರ ಚಾರಣವನ್ನೇ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರದಲ್ಲಿ ಆನ್‌ಲೈನ್ ಟಿಕೇಟು ಮಾಡಿ, ಒಂದು ದಾರಿಗೆ ದಿನಕ್ಕೆ 300 ಜನ ಎಂದು ಲೆಕ್ಕ ಹಾಕಿದರು.

ಪೂರ್ತಿ ಬಂದ್ ಮಾಡಿದ್ದು ನನಗೆ ಸರಿ ಕಂಡಿರಲಿಲ್ಲ. ಜೀಪಿನವರು, ಹೋಟೆಲಿನವರು, ಅವರಿಗೆ ಹಾಲು ಕೊಡುವ ನಾವು, ಎಲ್ಲರ ಹೊಟ್ಟೆಯ ಪ್ರಶ್ನೆ. ತಲೆ ಎಣಿಸುವುದು ಸರಿ. ನಾವು ಲೀಟರು ಅಳೆಯುವುದಿಲ್ಲವೇ? ಆದರೆ ಸೊಪ್ಪಿಗೆ ಹೋದ ನಮ್ಮನ್ನು ಗಾರ್ಡು ಗದರಿಸುವಾಗ ಹಳೇ ಕುಮ್ಕಿಯ ನೆನಪಾಗಿ ಹೊಟ್ಟೆ ಉರಿಯುವುದೂ ಸುಳ್ಳಲ್ಲ.

ಕಳೆದ ಚಳಿಗಾಲ ನನ್ನ ಮಗ ಸ್ನೇಹಿತರೊಟ್ಟಿಗೆ ಫೋನಿನಲ್ಲೇ ಟಿಕೇಟು ತೆಗೆದು ಹತ್ತಿಬಂದ. ಅಪ್ಪ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದರು. “ನಮ್ಮ ದನ ಹೋದ ದಾರಿಗೆ ಟಿಕೇಟಾ?” ಎಂದು ನಕ್ಕರು. ಸ್ವಲ್ಪ ಹೊತ್ತು ಬಿಟ್ಟು, “ಮೇಲೆ ಹುಲ್ಲು ಹೇಗುಂಟು?” ಎಂದು ಕೇಳಿದರು.