ಗೊಮ್ಮಟನ ಪಾದ, ಲಿನಕ್ಸ್‌ನ ಬೀಗ

ಶ್ರವಣಬೆಳಗೊಳದ ಬೆಟ್ಟ ಹತ್ತಿದವರೆಲ್ಲ ಕತ್ತೆತ್ತಿ ಗೊಮ್ಮಟನ ಮುಖ ನೋಡ್ತಾರೆ. ಮುಂದಿನ ಸಲ ಹೋದಾಗ ಪಾದದ ಪಕ್ಕವನ್ನೂ ನೋಡಿ. ಮೂರ್ತಿ ಮಾಡಿಸಿದ್ದು ಚಾವುಂಡರಾಯ ಅಂತ ಅಲ್ಲಿ ಕನ್ನಡ, ತಮಿಳು, ಮರಾಠಿಯಲ್ಲಿ ಕೆತ್ತಿದೆ. ನೂರು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ವಿಷ್ಣುವರ್ಧನನ ದಂಡನಾಯಕ ಗಂಗರಾಜ ಮೂರ್ತಿಗೆ ಸುತ್ತಾಲಯ ಕಟ್ಟಿಸಿದ. ತನ್ನ ಹೆಸರನ್ನೂ ಅಲ್ಲೇ ಬರೆಸಿದ, ಮೊದಲಿನವನ ಹೆಸರು ಅಳಿಸಲಿಲ್ಲ.

ಇಂಜಿನಿಯರಿಂಗ್ ಓದಿದ ನನಗೆ ಇದನ್ನು ನೋಡಿದರೆ ನೆನಪಾಗೋದು ಜಿಪಿಎಲ್. ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ತಂದ ಸಾಫ್ಟ್‌ವೇರ್ ಲೈಸೆನ್ಸ್ ಅದು. ಓದಿ, ತಿದ್ದಿ, ಹಂಚಿ. ಆದರೆ ಮೂಲದವರ ಹೆಸರು ತೆಗೀಬೇಡಿ, ನೀವು ತಿದ್ದಿದ್ದನ್ನು ಹೇಳಿ, ಹಂಚುವಾಗ ಸೋರ್ಸ್ ಕೋಡ್ ಕೊಡಿ. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಶುರುಮಾಡಿದ ಲಿನಕ್ಸ್ ಕರ್ನಲ್ ಮರುವರ್ಷವೇ ಈ ಲೈಸೆನ್ಸ್‌ಗೆ ಬಂತು. ನಿಮ್ಮ ಆಂಡ್ರಾಯ್ಡ್ ಫೋನಿನ ಒಡಲಲ್ಲಿರೋದೂ ಅದೇ ಕರ್ನಲ್.

ಹಾಗಾದ್ರೆ ಎಲ್ಲವೂ ತೆರೆದ ಪುಸ್ತಕವಾ? ಅಲ್ಲ ಸ್ವಾಮಿ.

ವೈಫೈ ಕಾರ್ಡಿನಂಥ ಎಷ್ಟೋ ಯಂತ್ರಗಳಿಗೆ ಚಾಲೂ ಆಗುವಾಗ ಒಂದು ಪುಟ್ಟ ಪ್ರೋಗ್ರಾಂ ತುಂಬಬೇಕು. ಅದೇ ಫರ್ಮ್‌ವೇರ್. ಕಂಪನಿಗಳು ಬಹಳ ಸಲ ಅದರ ಸೋರ್ಸ್ ಕೊಡೋದಿಲ್ಲ, ಬರೀ ಅಂಕಿಗಳ ರಾಶಿ ಕೊಡ್ತಾರೆ. ಆ ರಾಶಿಗಳು ವರ್ಷಗಟ್ಟಲೆ ಕರ್ನಲ್‌ನ ಒಳಗೇ ಕೂತಿದ್ದವು. ತಿದ್ದೋಕೆ ಅನುಕೂಲವಾದ ರೂಪವೇ ಸೋರ್ಸ್ ಅನ್ನುತ್ತೆ ಜಿಪಿಎಲ್. ಅಂಕಿಗಳ ಸಾಲನ್ನು ಯಾರು ತಿದ್ದೋದು? ಬೆಳಗೊಳದ ಶಾಸನಗಳನ್ನು ಬಿ.ಎಲ್. ರೈಸ್ 1889ರಲ್ಲಿ ಪ್ರಕಟಿಸಿದ್ರು. ಸುಮಾರು ಒಂಬೈನೂರು ವರ್ಷ ಹಳೆಯ ಅಕ್ಷರವನ್ನೂ ಓದೋಕೆ ಆಯ್ತು. ಹತ್ತು ವರ್ಷದ ಫರ್ಮ್‌ವೇರಿನಲ್ಲಿ ತಪ್ಪು ಸಿಕ್ಕರೆ, ಕಂಪನಿ ಕೈಬಿಟ್ಟಿದ್ದರೆ, ನಿಮ್ಮ ಕಾರ್ಡು ಗುಜರಿಗೇ.

ಈ ಜಗಳದ ಒಂದು ಅಧ್ಯಾಯ ನಮ್ಮ ಬೆಂಗಳೂರಲ್ಲೇ ನಡೆಯಿತು. 2006ರ ಆಗಸ್ಟ್‌ನಲ್ಲಿ ಐಐಎಂನಲ್ಲಿ ಜಿಪಿಎಲ್ ಮೂರನೇ ಆವೃತ್ತಿಯ ಕರಡಿನ ಮೇಲೆ ಅಂತರರಾಷ್ಟ್ರೀಯ ಸಮ್ಮೇಳನ ಸೇರಿತ್ತು. ಸ್ಟಾಲ್‌ಮನ್ ಬಂದಿದ್ರು. ಕೋಡ್ ಕೊಟ್ಟು, ತಿದ್ದಿದ ಕೋಡ್ ಓಡದಂತೆ ಯಂತ್ರಕ್ಕೇ ಬೀಗ ಹಾಕುವ ಕಂಪನಿಗಳನ್ನು ತಡೆಯೋದು ಆ ಕರಡಿನ ಒಂದು ಉದ್ದೇಶ. 2007ರಲ್ಲಿ ಅದು ಜಾರಿಗೆ ಬಂತು. ಟೊರ್ವಾಲ್ಡ್ಸ್ ಒಪ್ಪಲಿಲ್ಲ, ಕರ್ನಲ್ ಇವತ್ತಿಗೂ ಎರಡನೇ ಆವೃತ್ತಿಯಲ್ಲೇ ಇದೆ.

2008ರ ಸುಮಾರಿಗೆ ಫರ್ಮ್‌ವೇರ್ ಕಡತಗಳನ್ನು ಬೇರೆ ಮಾಡುವ ಕೆಲಸ ಶುರುವಾಯ್ತು. ಅದೇ ಹೊತ್ತಿಗೆ, ಇವನ್ನೆಲ್ಲ ಕಿತ್ತುಹಾಕಿದ ಲಿನಕ್ಸ್-ಲಿಬ್ರೆ ಬಂತು. 2011ರಲ್ಲಿ ಡೆಬಿಯನ್ ಕೂಡ ತನ್ನ ಕರ್ನಲ್‌ನಿಂದ ಅವನ್ನು ಹೊರಗಿಟ್ಟಿತು. ತತ್ವ ಉಳಿಯಿತು, ವೈಫೈ ಹೋಯಿತು! ಹಾಸ್ಟೆಲಿನಲ್ಲಿ ಒಬ್ಬನ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿ, ಫರ್ಮ್‌ವೇರ್‌ಗಾಗಿ ಇನ್ನೊಬ್ಬನ ಕಂಪ್ಯೂಟರಿಗೆ ಪೆನ್‌ಡ್ರೈವ್ ಹಿಡಿದು ಓಡಿದ ಕಾಲ ಅದು.

ಕೊನೆಗೆ 2022ರಲ್ಲಿ ಡೆಬಿಯನ್ ಮಂದಿ ಮತ ಹಾಕಿದ್ರು. 2023ರ ಡೆಬಿಯನ್ 12ರಿಂದ ಇನ್‌ಸ್ಟಾಲರ್ ಜೊತೆಗೇ ಫರ್ಮ್‌ವೇರ್ ಬರುತ್ತೆ, ಆದರೆ ಮುಕ್ತವಲ್ಲದ್ದು ಅಂತ ಹೆಸರಿಟ್ಟ ಪ್ರತ್ಯೇಕ ವಿಭಾಗದಲ್ಲಿ. ಬೇಡ ಅಂದವರು ಅದನ್ನು ಆಫ್ ಮಾಡಬಹುದು. ಇದು ಶರಣಾಗತಿ ಅಂದವರಿದ್ದಾರೆ. ನನ್ನ ಮತ ಡೆಬಿಯನ್‌ಗೇ. ಬೀಗ ಎಲ್ಲಿದೆ ಅಂತ ಚೀಟಿ ಅಂಟಿಸಿದ್ದಾರಲ್ಲ. ಅಂಗಡಿಯಲ್ಲಿ ಲ್ಯಾಪ್‌ಟಾಪ್ ಮಾರೋವಾಗ ಅಷ್ಟನ್ನೂ ಯಾರೂ ಹೇಳೋದಿಲ್ಲ.